ಮಿಲ್ಟನ್ ಎಂಗೆನ್ ತೊಟ್ಟ ನೀಲಿ ಅಂಗಿ

ಆಗಸ್ಟ್ ತಿಂಗಳು ಮುಗಿಯುತ್ತ ಬಂದಿತ್ತು. ಮೆಕ್ಕೆಜೋಳದ ತೆನೆಗಳ ಕೂದಲು ಕಂದಿ, ಬೆಳಗಿನ ಇಬ್ಬನಿ ಹುಲ್ಲಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲತೊಡಗಿದ ಕಾಲ. ಸಾಯಂಕಾಲ ಐದರ ಸುಮಾರಿಗೆ ನಾನು ಪೆಟ್ರೋಲ್ ಬಂಕಿನ ಅಂಗಡಿಯೊಳಗೆ, ಕಾಫಿ ಇಡುವ ಮೂಲೆಯ ಬೆಂಚಿನ ಮೇಲೆ ಕೂತಿದ್ದೆ. ಆಗ ಮಿಲ್ಟನ್ ಎಂಗೆನ್, ಆಸ್ಪತ್ರೆಯವರು ಹಾಕುವಂಥ ನೀಲಿ ಅಂಗಿ ತೊಟ್ಟುಕೊಂಡು ಒಳಗೆ ಬಂದ. ನಮ್ಮೂರು ವೆಸ್ಟರ್‌ಡಾಲಿನ ಗಲಿಬಿಲಿ ಶುರುವಾದದ್ದು ಆ ಗಳಿಗೆಯಲ್ಲಿ.

ಬಂಕಿನ ವೆಂಡೆಲ್ ಗಲ್ಲಾದ ಹಿಂದಿನಿಂದ ತಲೆ ಎತ್ತಿದ.

"ಮಿಲ್ಟ್."

"ವೆಂಡೆಲ್."

"ಕಾಲೇಜಿಂದ ಬಂದ್ಯಾ?"

"ಹೂಂ, ಹಾಗೇ."

ವೆಂಡೆಲ್ ಅಂಗಿಯನ್ನು ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ ನೋಡಿದ. "ಗಾಳಿ ಜೋರಾಗಿದೆ ಇವತ್ತು," ಅಂದ.

"ಜೋರಾಗೇ ಇದೆ," ಅಂದು ಮಿಲ್ಟನ್ ಹಾಲು ಕೊಂಡು ಹೊರಟುಹೋದ.

ಬಾಗಿಲು ಮುಚ್ಚಿದ ಮೇಲೆ ವೆಂಡೆಲ್ ನನ್ನ ಕಡೆ ತಿರುಗಿದ. "ನೀಲಿ," ಅಂದ.

"ನೀಲಿ," ಅಂದೆ ನಾನು.

ಅಷ್ಟೇ. ರಾತ್ರಿಯೂಟದ ಹೊತ್ತಿಗೆ ಮಿಲ್ಟನ್ ಡಾಕ್ಟರರ ಸಹಾಯಕನಾಗುವ ಕೋರ್ಸಿಗೆ ಸೇರಿದ್ದಾನೆಂದು ಇಡೀ ಊರಿಗೆ ತಿಳಿದಿತ್ತು. ಯಾರೂ ಅವನನ್ನು ಕೇಳಲಿಲ್ಲ. ಒಬ್ಬ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ಅವನ ಸ್ವಂತ ವಿಷಯ ಕೇಳುವುದು ನಮ್ಮೂರಿನಲ್ಲಿ ಅವನ ಜೇಬಿಗೆ ಕೈ ಹಾಕಿದಷ್ಟೇ ತಪ್ಪು.

ಮಿಲ್ಟನ್ ಓದುತ್ತಿದ್ದದ್ದು ಮಾರ್ಕೆಟಿಂಗ್. ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯಲ್ಲಿ ಅವನು ತಲೆ ನರೆಯುವವರೆಗೆ ದುಡಿದ. ವಸಂತದಲ್ಲಿ ಅಂಗಡಿ ಮುಚ್ಚಿತು. ಕೆಲಸ ಕಳೆದುಕೊಂಡವರು ಏನಾದರೂ ಹೊಸದು ಕಲಿಯಲಿ ಎಂದು ಸರಕಾರವೇ ಅವರನ್ನು ಮೂವತ್ತು ಮೈಲಿ ಆಚೆಯ ಕಮ್ಯುನಿಟಿ ಕಾಲೇಜಿಗೆ ಕಳಿಸುತ್ತಿತ್ತು. ಸಾಮಾನು ಮಾರುವುದೊಂದೇ ತನಗೆ ಗೊತ್ತು ಎಂದು ಮಿಲ್ಟನ್ ಆ ಕೋರ್ಸು ಹಿಡಿದ. ಹಿಡಿದ ಮೇಲೆ ಗೊತ್ತಾಯಿತು, ಅದು ಹೊಗಳುವ ವಿದ್ಯೆ ಎಂದು.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ನಮ್ಮೂರಿನಲ್ಲಿ ಒಬ್ಬನ ಕೊಟ್ಟಿಗೆ ಸುಟ್ಟು ಬೂದಿಯಾದರೆ "ಸ್ವಲ್ಪ ಬಿಸಿಯಾಯ್ತು" ಅನ್ನುತ್ತಾನೆ. ಹಿಂದೆಂದೂ ಕಾಣದ ಫಸಲು ಬಂದರೆ "ಅಷ್ಟೇನೂ ಕೆಟ್ಟದ್ದಲ್ಲ" ಅನ್ನುತ್ತಾನೆ. ಅಂಥ ಕಡೆ, ಇರುವುದನ್ನು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳುವುದನ್ನು ಕಾಲೇಜಿಗೆ ಹೋಗಿ ಕಲಿಯುತ್ತಿದ್ದೇನೆ ಎಂದು ಹೇಗೆ ಬಾಯಿ ಬಿಡುವುದು? ಬೀಗ ಒಡೆಯುವುದನ್ನು ಕಲಿಯುತ್ತಿದ್ದೇನೆ ಎಂದಿದ್ದರೆ ಜನ ಬೇಗ ಕ್ಷಮಿಸುತ್ತಿದ್ದರು. ಅವನ ಹೆಂಡತಿ ಡಾರ್ಲೀನ್ ಮತ್ತು ಎದುರು ಮನೆಯ ನಾನು, ಇಬ್ಬರಿಗೆ ಮಾತ್ರ ಆಮೇಲೆ ಅವನು ಹೇಳಿಕೊಂಡ. ನನಗೇಕೆ ಹೇಳಿದ ಎಂದರೆ, ನಾನು ಹೆಚ್ಚು ಮಾತಾಡುವವನಲ್ಲ ಎಂಬ ನಂಬಿಕೆ.

ಅಂಗಿಯ ಕಥೆ ಇಷ್ಟು. ಕಾಲೇಜಿನ ಮೊದಲ ದಿನ ತರಗತಿಗಳ ನಡುವಿನ ಉದ್ದ ಹಾದಿಯಲ್ಲಿ ಯಾರೋ ಡಿಕ್ಕಿ ಹೊಡೆದು ಅವನ ಮೈಮೇಲೆ ಕಾಫಿ ಚೆಲ್ಲಿತು. ಎದುರಿನ ತರಗತಿ ಡಾಕ್ಟರರ ಸಹಾಯಕರದ್ದು. ಅಲ್ಲಿಂದ ಯೆಸೇನಿಯಾ ಬರಾಹೋನಾ ಎಂಬ ಹುಡುಗಿ ಓಡಿಬಂದು, ಅವನ ಹೆಸರು ಕೇಳಿ, ತನ್ನ ಇನ್ನೊಂದು ದೊಗಲೆ ಅಂಗಿ ಕೊಟ್ಟಳು. "ಇದನ್ನ ಹಾಕ್ಕೊಳಿ ದೋನ್ ಮಿಲ್ಟನ್, ನಾಳೆ ತಂದ್ಕೊಡಿ," ಅಂದಳು. ಅವಳ ತಂದೆತಾಯಿ ಹೊಂಡುರಾಸಿನವರು, ಟರ್ಕಿ ಕೋಳಿಯ ಕಾರ್ಖಾನೆಗೆ ಬಂದು ನೆಲೆಸಿದವರು. ಅವರ ಮನೆಯಲ್ಲಿ ಹಿರಿಯರನ್ನು ದೋನ್ ಎಂದೇ ಕರೆಯುವುದು. ಅಷ್ಟು ಮರ್ಯಾದೆಯಿಂದ ಅವನನ್ನು ಯಾರೂ ಕರೆದಿರಲಿಲ್ಲ.

ಮಾರನೆಯ ದಿನ ಅಂಗಿ ಹಿಂದಿರುಗಿಸಿದ್ದರೆ ಈ ಕಥೆಯೇ ಇಲ್ಲ. ಆದರೆ ನಮ್ಮ ಕಡೆ ಎದುರು ಬರುವ ಗಾಡಿಯವನಿಗೆ ಸ್ಟೀರಿಂಗಿನ ಮೇಲಿಂದ ಒಂದು ಬೆರಳು ಎತ್ತುವುದು ವಾಡಿಕೆ. ಆ ಮೊದಲ ಸಂಜೆ ಎದುರಾದ ಪೊಲೀಸಿನವನು ಅಂಗಿ ನೋಡಿ ಮಿಲ್ಟನ್ನನಿಗೆ ಮೂರು ಬೆರಳು ಎತ್ತಿದ. ಕೆಲಸ ಹೋದಂದಿನಿಂದ ಒಂದು ಬೆರಳೂ ಅನುಮಾನವಾಗಿದ್ದ ಮನುಷ್ಯ ಅವನು. ಅಂಗಿಯನ್ನು ಒಗೆಸಿ, ಒಣಗಿಸಿ, ಮರುದಿನವೂ ಅದನ್ನೇ ತೊಟ್ಟ.

ಆ ವಾರವೇ ಇರ್ಮಾ ಹೌಗೆನ್ ಮಿಲ್ಟನ್ನನ ಮನೆಗೆ ಬಂದಳು.

ಇರ್ಮಾ ನಮ್ಮ ಕ್ಲಿನಿಕ್ಕಿನ ಸಹಾಯಕಿ. ಡಾಕ್ಟರು ವಾರಕ್ಕೆ ಎರಡು ದಿನ ಬಂದು ಹೋಗುವರು; ಉಳಿದಂತೆ ಕ್ಲಿನಿಕ್ ಎಂದರೆ ಇರ್ಮಾ. ತೂಕ ನೋಡುವವಳು, ಬಿ.ಪಿ. ನೋಡುವವಳು, ಸೂಜಿ ಚುಚ್ಚುವವಳು ಎಲ್ಲ ಅವಳೇ. ಊರಿನಲ್ಲಿ ಅವಳು ಹಿಡಿಯದ ತೋಳೇ ಇರಲಿಲ್ಲ. ಈಗ ಎಪ್ಪತ್ತು ದಾಟಿ ಸೊಂಟ ಹೋಗಿತ್ತು. ಹಿಮಗಟ್ಟಿದ ನೆಲದಲ್ಲಿ ನಡೆಯಲಾರಳು. ದೂರದ ದಕ್ಷಿಣದಲ್ಲಿ, ಹಿಮ ಕಾಣದ ಟೂಸಾನಿನಲ್ಲಿರುವ ತಂಗಿ ಅವಳಿಗಾಗಿ ಒಂದು ಕೋಣೆ ಇಟ್ಟು ವರ್ಷಗಳೇ ಆಗಿದ್ದವು. ಹೋಗುವಂತಿರಲಿಲ್ಲ. ಇರ್ಮಾ ಹೋದ ದಿನ ಬೇರೆ ಸಹಾಯಕಿ ಇಲ್ಲದಿದ್ದರೆ ಕ್ಲಿನಿಕ್ಕಿಗೆ ಬೀಗ ಎಂದು ಅದನ್ನು ನಡೆಸುವವರು ಹೇಳಿಬಿಟ್ಟಿದ್ದರು. ವೆಸ್ಟರ್‌ಡಾಲಿಗೆ ಬರುತ್ತೇನೆ ಅನ್ನುವವರು ಯಾರೂ ಇರಲಿಲ್ಲ.

ನಾನು ಮಿಲ್ಟನ್ನನ ಜಗಲಿಯಲ್ಲಿ ಸೊಳ್ಳೆ ಪರದೆಯ ಬಾಗಿಲು ರಿಪೇರಿ ಮಾಡುತ್ತಿದ್ದೆ. ಇರ್ಮಾ ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ, ತಾನು ತಂದ ಸಿಹಿಯ ತಟ್ಟೆಯನ್ನು ಡಾರ್ಲೀನಳ ಕೈಗಿಟ್ಟು ಕೂತಳು.

"ಓದ್ತಾ ಇದೀಯಂತೆ ಮಿಲ್ಟನ್."

"ಅಂಥಾದ್ದೇನಿಲ್ಲ ಇರ್ಮಾ."

"ನನ್ನ ಜಾಗಕ್ಕೆ ನೀನು ಬರಬಹುದಲ್ಲಾ ಅಂತ."

"ಅಯ್ಯೋ ಬೇಡಿ! ನಾನು ಅದಕ್ಕಲ್ಲ."

ಇರ್ಮಾ ಮೆಚ್ಚಿಕೊಂಡವಳಂತೆ ತಲೆದೂಗಿದಳು. ಓದುವವರಿಗೆ ಇದು ಅರ್ಥವಾಗಬೇಕು: ನಮ್ಮಲ್ಲಿ ಕಾಫಿ ಕೊಟ್ಟರೂ ಎರಡು ಸಲ ಬೇಡವೆನ್ನಬೇಕು. ಮೊದಲ ಸಲಕ್ಕೇ ಹೂಂ ಅಂದವನು ಹಸಿದು ಬಂದವನು. ಮೂರನೆಯದೇ ನಿಜವಾದ ಉತ್ತರ.

"ನೀನೇ ಸರಿ," ಅಂದಳು ಇರ್ಮಾ.

"ನಿಜವಾಗ್ಲೂ ಬೇಡಿ ಇರ್ಮಾ. ನನಗೆ ರಕ್ತ ಕಂಡ್ರೆ ಆಗಲ್ಲ."

"ನನಗೂ ಆಗ್ತಿರ್ಲಿಲ್ಲ. ಬರ್ತೀಯಾ?"

ಇದು ಮೂರನೆಯದು. ದುರದೃಷ್ಟಕ್ಕೆ ಮಿಲ್ಟನ್ ಆಗ ತಾನೆ ಗಾಬರಿಗೆ ಒಂದು ದೊಡ್ಡ ತುಂಡು ಸಿಹಿ ಬಾಯಿಗೆ ಹಾಕಿಕೊಂಡಿದ್ದ. ಕಣ್ಣು ಬಿಟ್ಟುಕೊಂಡು ಅಗಿದ. ಇರ್ಮಾ ಅವನು ನುಂಗುವವರೆಗೆ ಕಾಯಲಿಲ್ಲ. "ಸರಿ ಹಾಗಾದ್ರೆ," ಅಂದು ಎದ್ದಳು.

ಆಮೇಲೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ಇರ್ಮಾ ಕಟಕಟೆ ಮುಟ್ಟದೆ ಮೆಟ್ಟಿಲಿಳಿದಳು. ಹುಡುಗಿಯ ಹಾಗೆ. ಹಿಂದಿನಿಂದ ಕೂಗಲು ಬಾಯಿ ತೆರೆದಿದ್ದ ಮಿಲ್ಟನ್ ಅದನ್ನು ಕಂಡು ಬಾಯಿ ಮುಚ್ಚಿಕೊಂಡ.

"ಹೇಳೋದಲ್ವೇನೋ?" ಅಂದಳು ಡಾರ್ಲೀನ್.

"ಹೇಳ್ದೆ. ಎರಡು ಸಲ ಹೇಳ್ದೆ!"

"ಎರಡು ಸಲ ಯಾರು ಬೇಕಾದ್ರೂ ಹೇಳ್ತಾರೆ."

ಮಾರನೆಯ ಬೆಳಿಗ್ಗೆ ಪಾಮರ್ ಸ್ಕೋಗ್ ಬಂದ. ಪಾಮರ್ ಹೆಂಡತಿ ಮೇವಿಸ್ ಸತ್ತ ಮೇಲೆ ಒಬ್ಬನೇ ಇರುವ ರೈತ. ವರ್ಷಕ್ಕೆ ಅವನ ಬಾಯಿಂದ ಬರುವ ಮಾತೆಲ್ಲ ಸೇರಿಸಿದರೂ ಒಂದು ಊಟದ ಪ್ರಾರ್ಥನೆಯಷ್ಟಾಗದು. ಗಾಳಿಯ ಬಗ್ಗೆ ಸ್ವಲ್ಪ ಹೇಳಿದ. ಆಮೇಲೆ ಒಂದು ಕಾಲನ್ನು ಮೇಲಿನ ಮೆಟ್ಟಿಲಿಗಿಟ್ಟು, "ಮೊಣಕಾಲಿದೆ," ಅಂದ.

"ಇದೆ," ಅಂದ ಮಿಲ್ಟನ್.

ಪಾಮರ್ ಕಾಯ್ದ. ಮಿಲ್ಟನ್ನನಿಗೆ ಬೆವರು ಬಂತು. ಮೊಣಕಾಲಿನ ಬಗ್ಗೆ ಅವನಿಗೆ ಏನೂ ತಿಳಿಯದು. ಅವನ ಮಾರ್ಕೆಟಿಂಗ್ ಮೇಡಂ, ಮಿಸ್ ಪೆಟ್ರಾಸೆಕ್, ಗಿರಾಕಿಗಳನ್ನು ಮಾತಾಡಿಸಿಕೊಂಡು ಬನ್ನಿ ಎಂದು ಆ ವಾರದ ಮನೆಪಾಠ ಕೊಟ್ಟಿದ್ದಳು. ಬೇರೆ ದಾರಿ ಕಾಣದೆ ಅವನು ಆ ಪ್ರಶ್ನೆಗಳನ್ನೇ ಕೇಳಿದ.

"ಪಾಮರ್, ಒಂದು ಸಾಮಾನು ಕೊಳ್ಳೋಕೆ ಮುಂಚೆ ನೀನು ಯಾರ ಮಾತು ಕೇಳ್ತೀಯ?"

ಪಾಮರ್ ಬಹಳ ಹೊತ್ತು ರಸ್ತೆ ನೋಡಿದ. "ಮೇವಿಸ್ ಮಾತು ಕೇಳ್ತಿದ್ದೆ."

"ಈಗ?"

"ಈಗ ಏನೂ ಕೊಳ್ಳಲ್ಲ."

ಮಿಲ್ಟನ್ ಮುಂದಿನ ಪ್ರಶ್ನೆಗೆ ಹೋದ. "ಹತ್ತಕ್ಕೆ ಎಷ್ಟು ಸಮಾಧಾನ ಇದೆ ಅಂತೀಯ?"

"ಯಾವುದರಲ್ಲಿ?"

"ಒಟ್ಟಾರೆ."

"ನಾಲ್ಕು," ಅಂದ ಪಾಮರ್. ಅಂದವನೇ ಬೆಚ್ಚಿದ. "ಐದು ಅಂತಿಟ್ಕೋ. ನಾಲ್ಕು ಅಂದ್ರೆ ದೂರು ಹೇಳ್ದಂಗಾಗತ್ತೆ."

ಅಂದು ಪಾಮರ್ ಮಧ್ಯಾಹ್ನದ ಊಟದವರೆಗೆ ಆ ಮೆಟ್ಟಿಲ ಮೇಲೆ ಕೂತಿದ್ದ. ಹೋಗುವಾಗ ಕುಂಟು ಕಡಿಮೆಯಾದಂತೆ ಕಂಡಿತು. ಬಂಕಿನಲ್ಲಿ ವೆಂಡೆಲ್‌ಗೆ ಹೇಳಿದನಂತೆ: "ಮುಟ್ಟೋದೇ ಇಲ್ಲ ಅವನು. ಬರೀ ಕೇಳ್ತಾನೆ. ಹೊಸಾ ಪದ್ಧತಿ ಇರ್ಬೇಕು."

ಆಮೇಲೆ ಜನ ಬರುವುದು ನಿಲ್ಲಲಿಲ್ಲ. ಯಾರೂ ಕಾಯಿಲೆ ತೋರಿಸಲು ಬರುತ್ತಿರಲಿಲ್ಲ. ಒಬ್ಬಳು ಟೊಮೇಟೊ ಕೊಡಲು ಬರುವಳು, ಇನ್ನೊಬ್ಬ ಏಣಿ ವಾಪಸು ಮಾಡಲು ಬರುವನು, ಆ ಏಣಿ ಮಿಲ್ಟನ್ನನದೇ ಅಲ್ಲ. ಬಂದವರು ಕೂತು ಬೆನ್ನು, ತಲೆಸುತ್ತು, ಎದೆಯುರಿಗಳನ್ನು ಗಾಳಿಯ ಜೊತೆಗೇ ಸುದ್ದಿಯಂತೆ ಹೇಳುವರು. ಮಿಲ್ಟನ್ ಗಂಭೀರವಾಗಿ, "ನಮ್ಮಲ್ಲಿಗೆ ಬರೋಕೆ ಮುಂಚೆ ಬೇರೆಲ್ಲಾದ್ರೂ ಹೋಗಿದ್ರಾ? ಇನ್ನೊಬ್ಬರಿಗೂ ಇಲ್ಲಿಗೆ ಬನ್ನಿ ಅಂತ ಹೇಳ್ತೀರಾ?" ಎಂದು ಕೇಳುವನು. ಎಲ್ಲರ ಕೊನೆಗೂ ಒಂದೇ ಚಿಕಿತ್ಸೆ: "ಕ್ಲಿನಿಕ್ಕಿಗೆ ಹೋಗಿ ಇರ್ಮಾಗೆ ತೋರ್ಸಿ." ಹಿಂದೆ ಆ ಮಾತಿಗೆ ಯಾರೂ ಜಗ್ಗುತ್ತಿರಲಿಲ್ಲ, ಈಗ ಹೋಗತೊಡಗಿದರು. ಒಬ್ಬನಿಗೆ ಸಕ್ಕರೆ ಕಾಯಿಲೆ ಸಕಾಲಕ್ಕೆ ಸಿಕ್ಕಿಬಿತ್ತು. ಹಲವರ ಬಿ.ಪಿ. ಇಳಿದಿತ್ತು. ಇರ್ಮಾ ಇದೆಲ್ಲವನ್ನೂ ಮಿಲ್ಟನ್ನನ ಖಾತೆಗೆ ಹಾಕಿದಳು.

ಚರ್ಚಿನ ಹೆಂಗಸರು ಅಂಗಿಯನ್ನು ಡಾರ್ಲೀನಳಿಂದ ಉಪಾಯವಾಗಿ ಎರವಲು ಪಡೆದು, ಜೇಬಿನ ಮೇಲೆ ಬಿಳಿ ದಾರದಲ್ಲಿ "ಮಿಲ್ಟನ್" ಎಂದು ಕಸೂತಿ ಹಾಕಿ ಕೊಟ್ಟರು. ಅದನ್ನು ನೋಡಿದ ದಿನ ಅವನು ನೇರವಾಗಿ ಪಾದ್ರಿ ಲೊರೇನಳ ಹತ್ತಿರ ಹೋದ.

"ಪಾದ್ರಿಯಮ್ಮ, ನಾನು ಊರಿಗೆಲ್ಲ ಮೋಸ ಮಾಡ್ತಾ ಇದೀನಿ."

"ನಾವೆಲ್ಲರೂ ಮಾಡ್ತಾನೇ ಇದೀವಿ ಮಿಲ್ಟನ್," ಅಂದಳು ಲೊರೇನ್, ಅವನ ಕೈ ಹಿಡಿದು.

"ಅಲ್ಲ, ನಾನು ನಿಜವಾಗ್ಲೂ."

"ಗೊತ್ತು. ಆ ಭಾವನೆ ಬರಬೇಕು."

ಭಾನುವಾರದ ಬೋಧನೆಯಲ್ಲಿ ಅವಳು ಹೆಸರು ಹೇಳದೆ, ನಮ್ಮ ನಡುವೆ ಒಬ್ಬ ವಿನಯವಂತನಿದ್ದಾನೆ ಎಂದಳು. ಇಡೀ ಚರ್ಚು ತಿರುಗಿ ಮಿಲ್ಟನ್ನನ ಕಡೆ ನೋಡದಿರಲು ಬಹಳ ಕಷ್ಟಪಟ್ಟಿತು.

ಅಕ್ಟೋಬರಿನಲ್ಲಿ ಇರ್ಮಾ ಪೆಟ್ಟಿಗೆ ಕಟ್ಟಲು ತೊಡಗಿದಳು. ಮಿಲ್ಟನ್ನನ ಓದು ಮುಗಿಯುವ ಮೊದಲೇ ಕೈ ಪಳಗಲಿ ಎಂದು, ವರ್ಷಕ್ಕೊಮ್ಮೆ ಊರಿಗೆಲ್ಲ ಫ್ಲೂ ಜ್ವರದ ಸೂಜಿ ಹಾಕುವ ದಿನ ಅವನನ್ನು ಚರ್ಚಿನ ನೆಲಮಾಳಿಗೆಗೆ ಕರೆದಳು. ಮಡಚುವ ಕುರ್ಚಿಗಳಲ್ಲಿ ಊರೇ ಕೂತಿತ್ತು. ಹಿಂದಿನ ಮೇಜಿನ ಮೇಲೆ ಮನೆಮನೆಯಿಂದ ಬೇಯಿಸಿ ತಂದ ಬಿಸಿ ಊಟದ ಹಾಟ್‌ಡಿಶ್ ತಟ್ಟೆಗಳು, ಕಾಫಿ. ಮೊದಲನೆಯವನು ಪಾಮರ್. ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಬಂದು ಕೂತ.

"ನಾನು ಪಕ್ಕದಲ್ಲೇ ಇರ್ತೀನಿ," ಎಂದು ಇರ್ಮಾ ಸೂಜಿಯನ್ನು ಮಿಲ್ಟನ್ನನ ಕೈಗಿಟ್ಟಳು.

ಮಿಲ್ಟನ್ನನ ಮುಖ ಹಾಲಿನ ಬಣ್ಣಕ್ಕೆ ತಿರುಗಿತು. "ಇದೆಲ್ಲ ನನಗೆ ಗೊತ್ತಿಲ್ಲ," ಅಂದ.

ಹಿಂದಿನ ಸಾಲುಗಳಲ್ಲಿ ಮೆಚ್ಚುಗೆಯ ಗುಜುಗುಜು. ಎಂಥ ಮಾತು!

"ನಾನು ಇದನ್ನ ಕಲಿತೇ ಇಲ್ಲ!"

"ಒಳ್ಳೆಯವರು ಹಂಗೇ ಅನ್ನೋದು," ಅಂದ ವೆಂಡೆಲ್.

"ಚುಚ್ಚೋ ಮಾರಾಯ, ತೋಳು ತಣ್ಣಗಾಗ್ತಿದೆ," ಅಂದ ಪಾಮರ್.

ಮಿಲ್ಟನ್ ಒಂದು ಸಲ ಸೂಜಿಯನ್ನು ನೋಡಿದ, ಒಂದು ಸಲ ತೋಳನ್ನು ನೋಡಿದ. ಆಮೇಲೆ ನಮ್ಮೂರಿನ ನೆಲಮಾಳಿಗೆಯಲ್ಲಿ ಯಾರೂ ಎತ್ತದಷ್ಟು ದೊಡ್ಡ ದನಿಯಲ್ಲಿ, "ನಾನು ಓದ್ತಿರೋದು ಮಾರ್ಕೆಟಿಂಗ್!" ಎಂದು ಕೂಗಿದ. ಕೂಗಿ, ಸೂಜಿಯನ್ನು ಇರ್ಮಾಗೆ ಜೋಪಾನವಾಗಿ ಹಿಂದಿರುಗಿಸಿ, ಮೆಲ್ಲಗೆ ನೆಲದ ಮೇಲೆ ಕುಸಿದ.

ಕಾಫಿ ಪಾತ್ರೆ ಗುಳುಗುಳು ಅನ್ನುವುದು ಕೇಳುತ್ತಿತ್ತು. ಕಡೆಗೆ ಕಸೂತಿ ಹಾಕಿದ ಹೆಂಗಸರಲ್ಲೊಬ್ಬಳು, "ಓ. ಅದು ಬೇರೆ ಥರ," ಅಂದಳು. ಯಾರ ಮೇಲಾದರೂ ಇದಕ್ಕಿಂತ ಕಠಿಣ ಮಾತು ಆಡಿದ್ದನ್ನು ನಾನು ನಮ್ಮೂರಿನಲ್ಲಿ ಕೇಳಿಲ್ಲ.

ಇರ್ಮಾ ಪಾಮರನ ತೋಳು ಒರೆಸಿ ಚುಚ್ಚಿದಳು. ಮುಂದಿನವನನ್ನು ಕರೆದಳು. ಸಾಯಂಕಾಲದವರೆಗೆ ನಿಂತೇ ಎಲ್ಲರಿಗೂ ಚುಚ್ಚಿ, ಮನೆಗೆ ಹೋಗಿ ಪೆಟ್ಟಿಗೆಯ ಬಟ್ಟೆಗಳನ್ನು ಮತ್ತೆ ಬೀರುವಿಗೆ ಜೋಡಿಸಿದಳು.

ಬೇರೆ ಊರಾಗಿದ್ದರೆ ಬೈಯುತ್ತಿದ್ದರು. ನಮ್ಮವರು ಸಾವಿನ ಮನೆಗೆ ತರುವಂತೆ ಮಿಲ್ಟನ್ನನ ಮನೆಗೆ ಊಟ ತಂದುಕೊಟ್ಟರು. ಬಾಗಿಲಲ್ಲಿಟ್ಟು, "ಬೇಜಾರು ಮಾಡ್ಕೋಬೇಡ," ಅಂದು ಹೋಗುವರು. ಮೂರು ಮನೆಯ ಹಾಟ್‌ಡಿಶ್ ಒಟ್ಟಿಗೆ ಬಂದ ದಿನ ಮಿಲ್ಟನ್ ಅಡುಗೆಮನೆಯಲ್ಲಿ ಕೂತು ಅತ್ತ ಎಂದು ಡಾರ್ಲೀನ್ ಹೇಳಿದಳು.

ಅವನು ಇರ್ಮಾಳ ಮನೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ, ಧೈರ್ಯಕ್ಕೆ. ಅವಳು ಕುರ್ಚಿ ಹಿಡಿದುಕೊಂಡು ಬಾಗಿಲು ತೆಗೆದಳು.

"ತಪ್ಪಾಯ್ತು ಇರ್ಮಾ."

"ಪರವಾಗಿಲ್ಲ. ಇನ್ನೊಂದು ಚಳಿಗಾಲ ಅಷ್ಟೇ ತಾನೆ," ಅಂದಳು ಇರ್ಮಾ. ಅಂದು ಕಿಟಕಿಯ ಕಡೆ ತಿರುಗಿದಳು. ಮೊದಲ ಹಿಮ ಬೀಳುತ್ತಿತ್ತು.

ವಾಪಸು ಬರುತ್ತ ಮಿಲ್ಟನ್ ನಮ್ಮ ಗೇಟಿನ ಹತ್ತಿರ ನಿಂತು, "ಒಂದು ಸಾಮಾನನ್ನ ಮಾರೋದು ಹೇಗೆ ಅಂತ ಕಲಿಯೋಕೆ ಹೋದೋನು ನಾನು. ಒಂದು ಊರನ್ನ ಮಾರೋಕಾಗಲ್ವಾ?" ಅಂದ.

"ಯಾರು ಕೊಳ್ತಾರೋ?" ಅಂದೆ.

ಮಿಸ್ ಪೆಟ್ರಾಸೆಕ್ ಕೊನೆಯ ಪರೀಕ್ಷೆಯೆಂದು ಒಂದು ಜಾಹೀರಾತು ಮಾಡಿ ತರಲು ಹೇಳಿದ್ದಳು. ಮಿಲ್ಟನ್ ದೊಡ್ಡ ಹಾಳೆಯ ಮೇಲೆ ಕೈಯಾರೆ ಬರೆದ: "ವೆಸ್ಟರ್‌ಡಾಲ್ ಕ್ಲಿನಿಕ್ಕಿಗೆ ಡಾಕ್ಟರರ ಸಹಾಯಕರು ಬೇಕು. ಊರು ಅಷ್ಟೇನೂ ಚೆನ್ನಾಗಿಲ್ಲ. ಚಳಿಗಾಲ ಉದ್ದ. ನೋವು ಎಲ್ಲಿದೆ ಎಂದು ಇಲ್ಲಿಯವರು ತಾವಾಗಿ ಹೇಳುವುದಿಲ್ಲ, ಕೇಳಬೇಕು. ಈಗ ಇರುವಾಕೆ ಬಹಳ ಕಾಲ ದುಡಿದಿದ್ದಾಳೆ. ಅವಳಿಗೆ ಸೊಂಟ ನೋವು. ಅವಳು ಹೋಗಬೇಕು. ದಯವಿಟ್ಟು ಬನ್ನಿ."

ಮೇಡಂ ಓದಿ ಕನ್ನಡಕ ತೆಗೆದಳಂತೆ. "ಮಿಲ್ಟನ್, ಇದು ಜಾಹೀರಾತಲ್ಲ. ರಸ್ತೆ ಕುಸಿದಿದೆ ಅಂತ ನಿಲ್ಲಿಸೋ ಫಲಕ."

"ಇದಕ್ಕಿಂತ ಹೆಚ್ಚು ಹೊಗಳಿದ್ರೆ ಊರಿಗೆ ಹೋಗೋ ಹಾಗಿಲ್ಲ ಮೇಡಂ," ಅಂದ ಮಿಲ್ಟನ್. ಅವಳು ಪಾಸು ಮಾಡಿದಳು, ಬೇಕಾದಷ್ಟೇ ಅಂಕ ಕೊಟ್ಟು. ಅವನು ಹಾಳೆಯನ್ನು ಎದುರಿನ, ಡಾಕ್ಟರರ ಸಹಾಯಕರ ತರಗತಿಯ ಬಾಗಿಲಿಗೆ ಅಂಟಿಸಿ ಬಂದ.

ನವೆಂಬರಿನ ಒಂದು ಮಂಗಳವಾರ ಯೆಸೇನಿಯಾ ಬರಾಹೋನಾ ತನ್ನ ಹಳೆಯ ಕಾರಿನಲ್ಲಿ ಊರಿಗೆ ಬಂದು, ಮಿಲ್ಟನ್ನನ ಬಾಗಿಲು ಬಡಿದಳು.

"ದೋನ್ ಮಿಲ್ಟನ್, ನನ್ನ ಅಂಗಿ ಎಲ್ಲಿ?"

ಅವನು ನಾಚಿಕೆಯಿಂದ ತಂದುಕೊಟ್ಟ. ಜೇಬಿನ ಮೇಲಿನ ಹೆಸರನ್ನು ಅವಳು ಬೆರಳಿನಿಂದ ಸವರಿ ನೋಡಿದಳು. "ಚೆನ್ನಾಗಿ ಹೊಲಿದಿದಾರೆ. ಇರ್ಲಿ ಬಿಡಿ," ಅಂದು ಅಲ್ಲೇ ಸ್ವೆಟರಿನ ಮೇಲೆ ತೊಟ್ಟುಕೊಂಡಳು. "ಕ್ಲಿನಿಕ್ ಯಾವ ಕಡೆ? ನನ್ನ ಕೋರ್ಸಿನ ಕೊನೇ ಭಾಗ ನಿಜವಾದ ಕ್ಲಿನಿಕ್ಕಲ್ಲಿ ಮಾಡ್ಬೇಕು. ಬೇರೆ ಕ್ಲಿನಿಕ್ಕಿನವರು ಬನ್ನಿ ಅಂತ ಬರೆದದ್ದೆಲ್ಲ ಸುಳ್ಳು ಅನ್ನಿಸ್ತು, ನಿಮ್ಮದೊಂದು ಬಿಟ್ಟು."

ಇರ್ಮಾ ಆ ಹುಡುಗಿಯನ್ನು ಮೂರು ವಾರ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಊರೂ ನೋಡಿತು. "ಮಿಲ್ಟನ್" ಎಂದು ಹೆಸರಿದ್ದ ಅಂಗಿಯೊಳಗಿಂದ ಆ ಹುಡುಗಿ ನೇರ ಪ್ರಶ್ನೆ ಎಸೆಯುವಳು.

"ನೋವು ಎಲ್ಲಿ ಸರ್?"

"ಅಷ್ಟೇನಿಲ್ಲ," ಅಂದ ಪಾಮರ್.

"ಎಷ್ಟು ಅಂತ ಕೇಳಲಿಲ್ಲ. ಎಲ್ಲಿ ಅಂದೆ."

ಪಾಮರ್ ತೋರಿಸಿದ. ಸಂಜೆ ಬಂಕಿನಲ್ಲಿ ವೆಂಡೆಲ್, "ಹಾಗೆಲ್ಲ ಕೇಳ್ತಾಳಂತಲ್ಲೋ," ಅಂದಾಗ ಪಾಮರ್ ಕಾಫಿ ಊದಿ, "ಮಿಲ್ಟನ್ ಮುಂಚೇನೇ ರೂಢಿ ಮಾಡಿಸಿದ್ನಲ್ಲ," ಅಂದ. ಅಂದಿನಿಂದ ಎದುರು ಬರುವ ಗಾಡಿಗಳಲ್ಲಿ ಮಿಲ್ಟನ್ನನಿಗೆ ಮತ್ತೆ ಬೆರಳು ಏಳತೊಡಗಿದವು. ಒಂದೊಂದೇ.

ಯೆಸೇನಿಯಾ ಕೋರ್ಸು ಮುಗಿಸಿದ ದಿನ ಇರ್ಮಾ ಅವಳನ್ನು ಎದುರಿಗೆ ಕೂರಿಸಿಕೊಂಡಳು. "ಈ ಕೆಲಸಕ್ಕೆ ಇಲ್ಲೇ ನಿಲ್ತೀಯಾ?"

"ಹೂಂ," ಅಂದಳು ಹುಡುಗಿ.

ಇರ್ಮಾ ಗೊಂದಲದಿಂದ ಬಾಯಿ ತೆರೆದಳು. ಎರಡನೆಯ ಸಲ, ಮೂರನೆಯ ಸಲ ಹೇಗೆ ಒತ್ತಾಯಿಸಬೇಕೆಂದು ರಾತ್ರಿಯೆಲ್ಲ ಯೋಚಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾಗೇ ಉಳಿದವು. ಏನು ಮಾಡುವುದೆಂದು ತೋಚದೆ ಹುಡುಗಿಗೆ ಬೀಗದ ಕೈ ಕೊಟ್ಟಳು.

ಇರ್ಮಾ ಟೂಸಾನಿಗೆ ಹೊರಡುವ ದಿನ ಬಂಕಿನ ಮುಂದೆ ಬಸ್ಸು ನಿಂತಿತ್ತು, ಹೊಗೆ ಬಿಡುತ್ತ. ಊರು ಬಂದು ಹಿಮದಲ್ಲಿ ನಿಂತಿತ್ತು. "ರಸ್ತೆ ಚೆನ್ನಾಗಿರ್ಬೇಕು," ಅಂದ ವೆಂಡೆಲ್. "ಅಲ್ಲಿ ಬಿಸಿಲಂತೆ," ಅಂದಳು ಪಾದ್ರಿ ಲೊರೇನ್. ಇರ್ಮಾ ಒಬ್ಬೊಬ್ಬರಿಗೂ ತಲೆಯಾಡಿಸಿ, ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟಳು.

ಆಗ ಮಿಲ್ಟನ್ ಟೋಪಿ ತೆಗೆದ.

"ಇರ್ಮಾ ಹೌಗೆನ್," ಅಂದ, "ನಿಮ್ಮಂಥವರು ಈ ಜಿಲ್ಲೆಯಲ್ಲೇ ಇಲ್ಲ. ಈ ರಾಜ್ಯದಲ್ಲೇ ಇಲ್ಲ. ನನ್ನ ಅಮ್ಮ ಸಾಯೋವಾಗ ಕೈ ಹಿಡ್ಕೊಂಡಿದ್ದೋರು ನೀವು. ಪಾಮರನ ಮೇವಿಸ್‌ದೂ ಹಿಡ್ಕೊಂಡಿದ್ರಿ. ಇಲ್ಲಿ ನಿಂತಿರೋ ಒಬ್ಬೊಬ್ಬರದೂ ಹಿಡ್ದಿದೀರಿ. ಇದಕ್ಕಿಂತ ಒಳ್ಳೇದು ಈ ಊರಲ್ಲಿ ಏನೂ ನಡೆದಿಲ್ಲ. ಹೆಚ್ಚು ಮಾಡಿ ಹೇಳ್ತಿಲ್ಲ ನಾನು."

ಎಲ್ಲರೂ ನಮ್ಮ ನಮ್ಮ ಬೂಟು ನೋಡಿಕೊಂಡೆವು. ಯಾರೂ "ಅದು ಬೇರೆ ಥರ" ಅನ್ನಲಿಲ್ಲ. ಪಾಮರ್ ಮೂಗು ಒರೆಸಿಕೊಂಡ. ಇರ್ಮಾ ಬಾಗಿಲ ಕಂಬಿ ಹಿಡಿದು, ಬೆನ್ನು ನಮ್ಮ ಕಡೆಗೇ ಇಟ್ಟು, ಬಹಳ ಹೊತ್ತು ನಿಂತಳು. ಡ್ರೈವರು ಅವಸರ ಮಾಡಲಿಲ್ಲ.

"ಟೋಪಿ ಹಾಕ್ಕೋ ಮಿಲ್ಟನ್," ಅಂದಳು ಕಡೆಗೆ, ತಿರುಗದೆಯೇ. "ಶೀತ ಆಗತ್ತೆ."

ಒಳಗೆ ಹೋಗಿ, ನಮಗೆ ಕಾಣದ ಆಚೆ ಬದಿಯ ಸೀಟಿನಲ್ಲಿ ಕೂತಳು. ಇರ್ಮಾ ಹೌಗೆನ್ ವೆಸ್ಟರ್‌ಡಾಲ್ ಬಿಟ್ಟದ್ದು ಕ್ರಿಸ್‌ಮಸ್ಸಿಗೆ ಮುಂಚಿನ ಗುರುವಾರ, ಬೆಳಗಿನ ಬಸ್ಸಿಗೆ.